ಆಪರೇಷನ್ ಇಲ್ಲದೇ ಕಿಡ್ನೀಲಿರೋದು ಯಾವ ಕಲ್ಲು ಅಂತ ಗೊತ್ತಾಗಿದ್ದು

ನಮ್ಮಪ್ಪಂಗೆ ಪಕ್ಕೆ ನೋವು ಬಂತಂದ್ರೆ ಕೂರಕ್ಕೂ ಆಗ್ತಿರ್ಲಿಲ್ಲ, ಮಲಗಕ್ಕೂ ಆಗ್ತಿರ್ಲಿಲ್ಲ. ರಾಯಚೂರಿನ ಬಿಸಿಲು, ನೀರು ಕುಡಿಯೋದು ಕಮ್ಮಿ, ಶುಗರ್ ಬೇರೆ. ಬಾಳೆದಿಂಡಿನ ರಸ, ಹುರುಳಿ ಕಟ್ಟು ಎಲ್ಲಾ ಆಯ್ತು. ಎಕ್ಸ್‌ರೇ ತೆಗೆಸಿದ್ರೆ ಏನೂ ಇಲ್ಲ, ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದ್ರೆ ಎಡಗಡೆ ಕಿಡ್ನೀಲಿ 11 ಎಂಎಂ ಕಲ್ಲು. ಯಾವುದನ್ನ ನಂಬೋದು?

ಬೆಂಗಳೂರಿಗೆ ಕರ್ಕೊಂಡು ಬಂದೆ. ಇಲ್ಲಿ ಯೂರಾಲಜಿಸ್ಟು ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿ "ಎಕ್ಸ್‌ರೇಲಿ ಕಾಣ್ತಿಲ್ಲ ಅಂದ್ರೆ ಯೂರಿಕ್ ಆಸಿಡ್ ಕಲ್ಲಿರಬಹುದು, ಹಂಗಿದ್ರೆ ಔಷಧೀಲೇ ಕರಗುತ್ತೆ, ಡ್ಯುಯಲ್ ಎನರ್ಜಿ ಸಿಟಿ ಸ್ಕ್ಯಾನ್ ಮಾಡಿಸಿ" ಅಂದ್ರು. ಕರಗುತ್ತೆ ಅನ್ನೋ ಮಾತು ಕೇಳಿ ಅಪ್ಪನ ಮುಖ ನೋಡ್ಬೇಕಿತ್ತು, ಆಪರೇಷನ್ ಅಂದ್ರೆ ಅಷ್ಟು ಹೆದರಿದ್ರು.

ಸ್ಕ್ಯಾನ್ ಬೇಗ ಮುಗೀತು, ಇಂಜೆಕ್ಷನ್ನೂ ಇಲ್ಲ. ರೇಡಿಯಾಲಜಿಸ್ಟ್ ಮೇಡಂ ನನ್ನ ಒಳಗೆ ಕರೆದು ಸ್ಕ್ರೀನಲ್ಲಿ ತೋರಿಸಿದ್ರು. ಒಂದೇ ಕಲ್ಲನ್ನ 80 ಮತ್ತೆ 140 ಕಿಲೋವೋಲ್ಟ್, ಹಿಂಗೆ ಎರಡು ಶಕ್ತಿಯ ಎಕ್ಸ್‌ರೇಲಿ ನೋಡ್ತಾರಂತೆ. ಕಲ್ಲು ಎಕ್ಸ್‌ರೇನ ಎಷ್ಟು ತಡೆಯುತ್ತೆ ಅಂತ ಒಂದು ನಂಬರ್ರು ಸಿಗುತ್ತೆ. ಕ್ಯಾಲ್ಸಿಯಂ ಇದ್ರೆ ಕಮ್ಮಿ ವೋಲ್ಟೇಜಲ್ಲಿ ಆ ನಂಬರ್ರು ತುಂಬಾ ಮೇಲೆ ಹೋಗುತ್ತೆ, ಯೂರಿಕ್ ಆಸಿಡ್ ಆದ್ರೆ ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಅಪ್ಪನ ಕಲ್ಲಿನ ಮೇಲೆ ಮೌಸಲ್ಲಿ ಸಣ್ಣ ಸರ್ಕಲ್ ಹಾಕಿದ್ರು, ಎರಡು ನಂಬರ್ರೂ 400ರ ಹತ್ರಹತ್ರ. ಆಮೇಲೆ ಬಣ್ಣದ ಚಿತ್ರ ತೆಗೆದ್ರು, ಕ್ಯಾಲ್ಸಿಯಂ ಇರೋ ಬೆನ್ನುಮೂಳೆ ನೀಲಿ, ಕಲ್ಲು ಮಾತ್ರ ಪೂರ್ತಿ ಕೆಂಪು, ಅಂದ್ರೆ ಯೂರಿಕ್ ಆಸಿಡ್ಡೇ. ನಂಗೆ ಕಣ್ಣು ತುಂಬಿ ಬಂತು. ಕಲ್ಲು ಮೈಯೊಳಗೇ ಇದೆ, ಯಾರೂ ಮುಟ್ಟಿಲ್ಲ, ಅದು ಯಾತರದ್ದು ಅಂತ ಮಾತ್ರ ಗೊತ್ತಾಗೋಯ್ತು!

ಆದ್ರೆ ಇದು ಎಲ್ಲಾನೂ ಹೇಳಲ್ಲ, ತೀರಾ ಸಣ್ಣ ಕಲ್ಲು, ಮಿಕ್ಸ್ ಇರೋ ಕಲ್ಲಾದ್ರೆ ಕಷ್ಟ ಅಂತಾನೂ ಮೇಡಂ ಹೇಳಿದ್ರು.

ಡಾಕ್ಟ್ರು ಮೂತ್ರದ ಹುಳಿ ಕಮ್ಮಿ ಮಾಡೋ ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ ಬರೆದು, ಮೂತ್ರದ ಪಿಎಚ್ (ಹುಳಿಯ ಅಳತೆ, ನಂಬರ್ರು ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 6.5ರಿಂದ 7ರೊಳಗೆ ಇರ್ಬೇಕು, ಜಾಸ್ತಿ ಆದ್ರೆ ಬೇರೆ ಥರದ ಕಲ್ಲು ಕೂರುತ್ತೆ ಅಂದ್ರು. ಮೊದಲನೇ ದಿನ ಪಿಎಚ್ ನೋಡೋ ಕಾಗದದ ಪಟ್ಟಿ ಮೂತ್ರದಲ್ಲಿ ಅದ್ದಿ ನೋಡಿದ್ರೆ ಬರೀ 5, ಅಷ್ಟು ಹುಳಿ ಇದ್ರೆ ಯೂರಿಕ್ ಆಸಿಡ್ ಕರಗೋದಾದ್ರೂ ಹೆಂಗೆ. ಅಪ್ಪ ಬೆಳಿಗ್ಗೆ ಸಂಜೆ ಪಟ್ಟಿಯ ಬಣ್ಣವನ್ನ ಡಬ್ಬಿ ಮೇಲಿನ ಬಣ್ಣಕ್ಕೆ ಹೋಲಿಸಿ ಕ್ಯಾಲೆಂಡರಲ್ಲಿ ಬರೀತಾ ಬಂದ್ರು, ಮಧ್ಯೆ ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಅಂತಾನೂ ಟೆಸ್ಟ್ ಆಗ್ತಿತ್ತು. ಕೆಲವು ತಿಂಗಳಾದ ಮೇಲೆ ಸ್ಕ್ಯಾನಿಂಗಲ್ಲಿ ಕಲ್ಲೇ ಇಲ್ಲ.

ಈಗ ಊರಲ್ಲಿ ಯಾರ್ಯಾರೋ ಆ ಸಿರಪ್ಪಿನ ಹೆಸರು ಕೇಳ್ಕೊಂಡು ಮನೆಗೆ ಬರ್ತಾರೆ. ಅಪ್ಪ ಹೆಸರು ಹೇಳಲ್ಲ, "ಮೊದ್ಲು ನಿಂದು ಯಾವ ಕಲ್ಲು ಅಂತ ಡಾಕ್ಟ್ರನ್ನ ಕೇಳ್ಕೊಂಡು ಬಾರಪ್ಪ, ಕ್ಯಾಲ್ಸಿಯಂದಾದ್ರೆ ಇದರಿಂದ ಕರಗಲ್ಲ" ಅಂತ ಕೂರಿಸಿ, ನೀರು ಕೊಟ್ಟು ಕಳಿಸ್ತಾರೆ.