ಸಿಎನ್‌ಸಿ ರೂಟರ್‌ಗೆ ಎಷ್ಟು ದೊಡ್ಡ ಮೋಟರ್ ಹಾಕಬೇಕು?

ಮನೆಯಲ್ಲೇ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಮರ ಕತ್ತರಿಸುವ ಮಷೀನು) ಕಟ್ಟಲು ಹೊರಟವರು ಸ್ಟೆಪ್ಪರ್ ಮೋಟರ್ (ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗುವ ಮೋಟರ್) ಆರಿಸುವಾಗ ಸಾಮಾನ್ಯವಾಗಿ ಒಂದೇ ಸಂಖ್ಯೆ ನೋಡುತ್ತಾರೆ, ಹೋಲ್ಡಿಂಗ್ ಟಾರ್ಕ್ (ಟಾರ್ಕ್ ಅಂದರೆ ತಿರುಗಿಸುವ ಬಲ). ಅದು ಜಾಸ್ತಿ ಇದ್ದಷ್ಟೂ ಒಳ್ಳೆಯದು, ದೊಡ್ಡದನ್ನೇ ಹಾಕಿಬಿಟ್ಟರೆ ಮುಂದೆ ತಲೆನೋವಿಲ್ಲ ಅನ್ನುವ ಲೆಕ್ಕ. ನಾನು ಇದನ್ನು ಒಪ್ಪುವುದಿಲ್ಲ. ಹೋಲ್ಡಿಂಗ್ ಟಾರ್ಕ್ ಅಂದರೆ ಮೋಟರ್ ನಿಂತಿರುವಾಗ ಶಾಫ್ಟನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಅನ್ನುವುದು. ನಮಗೆ ಬೇಕಾದದ್ದು ಓಡುವಾಗಿನ ಟಾರ್ಕ್, ಅಲ್ವಾ? ವೇಗ ಏರಿದಂತೆ ಅದು ಇಳಿಯುತ್ತಾ ಹೋಗುತ್ತದೆ, ಕೆಲವು ಮೋಟರ್‌ಗಳಲ್ಲಿ ಬಹಳ ಬೇಗ ಇಳಿಯುತ್ತದೆ.

ಇನ್ನೊಂದು ವಿಷಯ. ಮೋಟರ್‌ಗಳ ಹೆಸರಿನಲ್ಲಿ ಬರುವ ನೀಮಾ 17, 23, 34 ಅನ್ನುವುದು ಶಕ್ತಿಯ ಅಳತೆ ಅಲ್ಲ. ಮೋಟರ್‌ನ ಮುಖದ ಅಗಲ ಅಷ್ಟೇ: 1.7 ಇಂಚು, 2.3 ಇಂಚು, 3.4 ಇಂಚು. ನೀಮಾ 23ರಲ್ಲೇ ಗಿಡ್ಡ ಮೋಟರ್ 1 ನ್ಯೂಟನ್ ಮೀಟರ್ ಆಸುಪಾಸು ಇದ್ದರೆ, ಉದ್ದದ್ದು 3ರ ಹತ್ತಿರ ಹೋಗುತ್ತದೆ.

ಹಾಗಾಗಿ ಮೊದಲು ಮೋಟರ್ ಪಟ್ಟಿ ಬದಿಗಿಟ್ಟು ಮಷೀನಿನ ಲೆಕ್ಕ ಮಾಡಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. 16 ಮಿ.ಮೀ. ದಪ್ಪದ, 1 ಮೀಟರ್ ಉದ್ದದ ಬಾಲ್ ಸ್ಕ್ರೂ, ಅಂದರೆ ನಟ್ ಒಳಗೆ ಗುಂಡುಗಳಿದ್ದು ಸಲೀಸಾಗಿ ಸರಿಯುವ ಸ್ಕ್ರೂ. ಒಂದು ಸುತ್ತಿಗೆ ನಟ್ 5 ಮಿ.ಮೀ. ಸರಿಯುತ್ತದೆ, ಅದೇ ಲೀಡ್. ಸ್ಕ್ರೂ ಸರಿಸುವ ಗ್ಯಾಂಟ್ರಿ (ಕತ್ತರಿಸುವ ಭಾಗವನ್ನು ಹೊತ್ತ ಚೌಕಟ್ಟು) 15 ಕೆ.ಜಿ. ಕತ್ತರಿಸುವಾಗ ತಳ್ಳಲು ಬೇಕಾದ ಬಲ ಧಾರಾಳವಾಗಿ 200 ನ್ಯೂಟನ್ ಇರಲಿ. ಈ ಬಲವನ್ನು ಮೀಟರ್‌ನಲ್ಲಿ ಬರೆದ ಲೀಡ್‌ನಿಂದ ಗುಣಿಸಿ, ಬಂದದ್ದನ್ನು 6.28ರಿಂದ ಭಾಗಿಸಿ, ಆಮೇಲೆ ಸ್ಕ್ರೂನ ದಕ್ಷತೆಯಿಂದ ಮತ್ತೊಮ್ಮೆ ಭಾಗಿಸಿ. ಬಾಲ್ ಸ್ಕ್ರೂಗೆ ದಕ್ಷತೆ ಸುಮಾರು 0.9, ಅಂದರೆ ಸಿಗುವುದು 0.18 ನ್ಯೂಟನ್ ಮೀಟರ್. ಅದೇ ಲೀಡ್‌ನ ಗುಂಡುಗಳಿಲ್ಲದ ಸಾಧಾರಣ ಲೀಡ್ ಸ್ಕ್ರೂ ಆದರೆ ದಕ್ಷತೆ 0.3 ಅಂತ ಹಿಡಿಯಿರಿ, ಆಗ 0.53 ಬೇಕಾಗುತ್ತದೆ. ಅದೇ ಕೆಲಸಕ್ಕೆ ಮೂರು ಪಟ್ಟು! ದೊಡ್ಡ ಮೋಟರ್‌ಗೆ ಹಾಕುವ ದುಡ್ಡನ್ನು ಎಷ್ಟೋ ಸಲ ಸ್ಕ್ರೂಗೆ ಹಾಕುವುದೇ ಮೇಲು.

ಇಷ್ಟಕ್ಕೇ ನಿಲ್ಲಬೇಡಿ, ಆಕ್ಸಲರೇಷನ್ ಲೆಕ್ಕವೂ ಇದೆ, ನನಗೆ ತುಂಬಾ ಇಷ್ಟವಾಗುವ ಭಾಗ ಇದೇ. ಎಲ್ಲರಿಗೂ ಗ್ಯಾಂಟ್ರಿಯ ತೂಕದ್ದೇ ಚಿಂತೆ. ಆದರೆ 5 ಮಿ.ಮೀ. ಲೀಡ್ ಮೂಲಕ ನೋಡಿದರೆ ಆ 15 ಕೆ.ಜಿ. ಮೋಟರ್‌ಗೆ ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ. ನಮ್ಮ ಸ್ಕ್ರೂ ಸರಳಿನ ಜಡತ್ವವೇ ಗ್ಯಾಂಟ್ರಿಯ ಜಡತ್ವದ ಐದು ಪಟ್ಟು ಬರುತ್ತದೆ! ನೀಮಾ 23 ಮೋಟರ್‌ನ ರೋಟರ್ (ಒಳಗೆ ತಿರುಗುವ ಭಾಗ) ಕೂಡ ಸುಮಾರು ಸ್ಕ್ರೂನಷ್ಟೇ ಭಾರ ಹೇರುತ್ತದೆ. ಮೂರನ್ನೂ ಕೂಡಿಸಿ, ವೇಗ ಪ್ರತಿ ಸೆಕೆಂಡಿಗೆ 500 ಮಿ.ಮೀ./ಸೆ.ನಷ್ಟು ಏರುವಂತೆ ಆಕ್ಸಲರೇಷನ್ ಇಟ್ಟರೆ ಬೇಕಾಗುವುದು 0.06 ನ್ಯೂಟನ್ ಮೀಟರ್ ಮಾತ್ರ. ಕತ್ತರಿಸುವುದರ 0.18 ಸೇರಿ 0.24 ಆಯಿತು. ಉಜ್ಜಾಟ, ಧೂಳು, ಮೊಂಡಾದ ಬಿಟ್ ಎಲ್ಲಕ್ಕೂ ಸೇರಿಸಿ ದುಪ್ಪಟ್ಟು ಮಾಡಿ, 0.5 ಅನ್ನಿ.

ಈಗ ಕೇಳಬೇಕಾದ ಪ್ರಶ್ನೆ, ಈ 0.5 ಯಾವ ವೇಗದಲ್ಲಿ ಬೇಕು? ನಿಮಿಷಕ್ಕೆ 3000 ಮಿ.ಮೀ. ಓಡಬೇಕು ಅಂದರೆ 5 ಮಿ.ಮೀ. ಲೀಡ್‌ಗೆ 600 ಆರ್‌ಪಿಎಂ (ನಿಮಿಷಕ್ಕೆ ಸುತ್ತು). ಮೋಟರ್‌ನ ಟಾರ್ಕ್ ಕರ್ವ್ (ಯಾವ ವೇಗಕ್ಕೆ ಎಷ್ಟು ಟಾರ್ಕ್ ಅನ್ನುವ ನಕ್ಷೆ) ತೆಗೆದು 600ರ ಹತ್ತಿರ ಬೆರಳಿಟ್ಟು ನೋಡಿ. ಅಲ್ಲಿ 0.5ಕ್ಕಿಂತ ಮೇಲಿದ್ದರೆ ಸಾಕು. ಆ ಕರ್ವ್ ಯಾವ ವೋಲ್ಟೇಜಿನಲ್ಲಿ ಬರೆದದ್ದು ಅನ್ನುವುದನ್ನೂ ನೋಡಿಕೊಳ್ಳಿ, ನಿಮ್ಮ ಪವರ್ ಸಪ್ಲೈ ಅದಕ್ಕಿಂತ ಕಡಿಮೆ ಇದ್ದರೆ ಆ ಅಂಕಿ ನಿಮಗೆ ಸಿಗುವುದಿಲ್ಲ. ಕರ್ವ್ ಕೊಡದ ಮೋಟರನ್ನು ನಾನಂತೂ ಕೊಳ್ಳುವುದಿಲ್ಲ.

ವೇಗದಲ್ಲಿ ಟಾರ್ಕ್ ಇಳಿಯುವುದು ಯಾಕೆ? ಕಾಯಿಲ್‌ನ ಇಂಡಕ್ಟೆನ್ಸ್ ಕರೆಂಟನ್ನು ಬೇಗ ಏರಲು ಬಿಡುವುದಿಲ್ಲ. ಜೊತೆಗೆ ತಿರುಗುವ ಮೋಟರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ಇವೆರಡನ್ನೂ ಮೀರಿ ಕರೆಂಟ್ ತಳ್ಳಲು ಹೆಚ್ಚು ವೋಲ್ಟೇಜ್ ಬೇಕು. ಎಷ್ಟು ಅನ್ನುವುದಕ್ಕೆ ಒಂದು ರೂಢಿಯ ಸೂತ್ರ ಇದೆ: ಇಂಡಕ್ಟೆನ್ಸನ್ನು ಮಿಲಿಹೆನ್ರಿಯಲ್ಲಿ ಬರೆದು, ಅದರ ವರ್ಗಮೂಲವನ್ನು 32ರಿಂದ ಗುಣಿಸಿ. 2.25 ಮಿಲಿಹೆನ್ರಿಗೆ 48 ವೋಲ್ಟ್. 9 ಮಿಲಿಹೆನ್ರಿಗೆ 96. ಇದು ಮೇಲಿನ ಮಿತಿ, ಅದನ್ನು ದಾಟಿದರೆ ಮೋಟರ್ ಸುಮ್ನೆ ಬಿಸಿಯಾಗುತ್ತದೆ. ಮೋಟರ್ ಮೇಲೆ 3 ವೋಲ್ಟ್ ಅಂತ ಬರೆದಿದೆ, 36 ಕೊಟ್ಟರೆ ಸುಟ್ಟುಹೋಗುವುದಿಲ್ಲವೇ ಅಂತ ಹೆದರಬೇಡಿ, ಕರೆಂಟನ್ನು ಮಿತಿಯಲ್ಲಿ ಹಿಡಿಯುವ ಕೆಲಸ ಡ್ರೈವರ್‌ನದು, ಅಂದರೆ ಮೋಟರ್‌ಗೆ ಕರೆಂಟ್ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಯದು.

ದೊಡ್ಡ ಮೋಟರ್ ಕೈಕೊಡುವುದು ಇಲ್ಲೇ. ಹೆಚ್ಚು ಇಂಡಕ್ಟೆನ್ಸ್ ಇರುವ ನೀಮಾ 34 ತಂದು 36 ವೋಲ್ಟಿಗೆ ಜೋಡಿಸಿದರೆ ನಿಧಾನಕ್ಕೆ ಓಡುವಾಗ ಬಲವಾಗಿಯೇ ಇರುತ್ತದೆ, ವೇಗ ಏರಿಸಿದ ಕೂಡಲೇ ಅರ್ಧ ಗಾತ್ರದ ಮೋಟರ್‌ಗಿಂತ ಮೊದಲು ಸೋಲಬಹುದು. ಅದರ ರೋಟರ್‌ನ ಜಡತ್ವವೂ ಹಲವು ಪಟ್ಟು ಜಾಸ್ತಿ, ಹಾಗಾಗಿ ಟಾರ್ಕ್‌ನ ಒಂದು ಪಾಲು ತನ್ನನ್ನು ತಾನೇ ತಿರುಗಿಸಿಕೊಳ್ಳಲು ಖರ್ಚಾಗುತ್ತದೆ. ಮರ, ಪ್ಲೈವುಡ್, ಆಗಾಗ ತೆಳುವಾಗಿ ಅಲ್ಯೂಮಿನಿಯಂ ಕತ್ತರಿಸುವ ಮನೆಯ ಮಷೀನಿಗೆ ಇಂಡಕ್ಟೆನ್ಸ್ ಕಡಿಮೆ ಇರುವ 2 ನ್ಯೂಟನ್ ಮೀಟರ್ ಆಸುಪಾಸಿನ ನೀಮಾ 23 ಸಾಕು ಅನ್ನುವುದು ನನ್ನ ಅಭಿಪ್ರಾಯ.

ಡಿಎಂ542 ಥರದ ಡ್ರೈವರ್‌ನ ಮಿತಿ 50 ವೋಲ್ಟ್. ಅದಕ್ಕೆ 48 ಕೊಡುವುದು ನನಗೆ ಸರಿ ಕಾಣುವುದಿಲ್ಲ, ಯಾಕೆಂದರೆ ಗ್ಯಾಂಟ್ರಿ ಬ್ರೇಕ್ ಹಾಕಿದಂತೆ ನಿಧಾನ ಆಗುವಾಗ ಮೋಟರ್ ಜನರೇಟರ್‌ನಂತೆ ವೋಲ್ಟೇಜ್ ವಾಪಸ್ ತಳ್ಳುತ್ತದೆ. 36 ಕೊಡಿ, ಇಲ್ಲವೇ 80 ವೋಲ್ಟ್ ತಡೆಯುವ ಡ್ರೈವರ್ ತನ್ನಿ.

ಜೋಡಿಸಿದ ಮೇಲೆ ನಿಜವಾದ ಮಿತಿ ಹುಡುಕಿ. ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರ್) ಆಫ್ ಇರಲಿ, ಒಂದು ಗುರುತು ಹಾಕಿ ಅಕ್ಷವನ್ನು ಹಿಂದೆ ಮುಂದೆ ಓಡಿಸುತ್ತಾ ವೇಗ ಸ್ವಲ್ಪ ಸ್ವಲ್ಪ ಏರಿಸಿ. ಮೋಟರ್‌ನ ಸ್ವರ ಏರುತ್ತಾ ಹೋಗಿ ಒಂದು ಹಂತದಲ್ಲಿ ಗೊರಗೊರ ಅಂದು ಶಾಫ್ಟ್ ನಿಂತುಬಿಡುತ್ತದೆ. ಕಂಟ್ರೋಲರ್‌ಗೆ ಇದು ಗೊತ್ತಾಗುವುದಿಲ್ಲ, ಪರದೆಯ ಮೇಲೆ ಅಂಕಿ ಓಡುತ್ತಲೇ ಇರುತ್ತದೆ. ಆ ವೇಗದ ಶೇ. 60ರಷ್ಟನ್ನು ಸೆಟ್ಟಿಂಗ್‌ನಲ್ಲಿ ಹಾಕಿ. ಮೇಲೆ ಕೆಳಗೆ ಸರಿಯುವ ಝಡ್ ಅಕ್ಷಕ್ಕೆ ಮಾತ್ರ ಈ ಪರೀಕ್ಷೆಯಲ್ಲಿ ಸ್ಪಿಂಡಲ್ ಮೇಲೇರುವಾಗಿನ ಅಂಕಿಯನ್ನೇ ತೆಗೆದುಕೊಳ್ಳಿ. ಬಾಲ್ ಸ್ಕ್ರೂ ಹಾಕಿದ್ದರೆ ಪವರ್ ತೆಗೆಯುವ ಮುಂಚೆ ಸ್ಪಿಂಡಲ್ ಕೆಳಗೆ ಮರದ ತುಂಡು ಇಡಿ, ಹಿಡಿದುಕೊಳ್ಳುವ ಕರೆಂಟ್ ಹೋದ ಕೂಡಲೇ ಅದು ಜಾರಿ ಬೀಳಬಹುದು.