ಬೇಗ ಒತ್ತಿದವರಿಗೆ ಜಾಸ್ತಿ ಪಾಯಿಂಟ್

ಇವತ್ತು ಕ್ಲಾಸಲ್ಲಿ ಕಹೂಟ್ ಕ್ವಿಜ್, ಅಂದ್ರೆ ಫೋನಲ್ಲೇ ಉತ್ತರ ಒತ್ತಿ ಆಡುವ ಆಟ. ಪ್ರಶ್ನೆ ಇದು: ಕ್ಯಾಂಟಿಲಿವರ್ ಬೀಮ್ (ಒಂದು ಕಡೆ ಮಾತ್ರ ಗೋಡೆಗೆ ಬಿಗಿದ ತೊಲೆ), ಇನ್ನೊಂದು ತುದಿಯಲ್ಲಿ ಭಾರ, ಬೆಂಡಿಂಗ್ ಮೊಮೆಂಟ್ (ಅದನ್ನು ಬಗ್ಗಿಸುವ ಪರಿಣಾಮ) ಎಲ್ಲಿ ಜಾಸ್ತಿ? ಹಿಂದಿನ ಬೆಂಚಿನವರೂ ಫೋನ್ ಹಿಡಿದು ನೆಟ್ಟಗೆ ಕೂತಿದ್ದರು. ನನ್ನ ಪಾಠಕ್ಕೆ ಯಾವತ್ತೂ ಹಾಗೆ ಕೂತವರಲ್ಲ ಬಿಡಿ!

ಮಾಮೂಲಿ ಸೆಟ್ಟಿಂಗ್‌ನಲ್ಲಿ ಥಟ್ಟನೆ ಸರಿ ಉತ್ತರ ಒತ್ತಿದರೆ 1000 ಪಾಯಿಂಟ್, ಕೊನೇ ಕ್ಷಣದಲ್ಲಿ ಒತ್ತಿದರೆ ಸುಮಾರು 500. ಒಬ್ಬ ಹುಡುಗಿ ನೋಟ್‌ಬುಕ್ಕಲ್ಲಿ ಬೀಮ್ ಬರೆದು, ಭಾರಕ್ಕೆ ಬಾಣ ಹಾಕಿ, ಗೋಡೆ ಕಡೆ ಗುರುತು ಮಾಡಿ, ಆಮೇಲೆ ಒತ್ತಿದಳು. ಲೀಡರ್‌ಬೋರ್ಡಲ್ಲಿ ಅವಳ ಹೆಸರೇ ಇಲ್ಲ. ಸುಮ್ನೆ ಊಹಿಸಿದವನು ಮೇಲೆ. ಎಂಜಿನಿಯರ್‌ಗೆ ಬೇಕಿರುವುದು ಅವಳ ಅಭ್ಯಾಸ ಅಲ್ವಾ?

ಮುಂದಿನ ಸಲ ಗುಂಪು ಮಾಡಿ, ಸಮಯ ಜಾಸ್ತಿ ಕೊಟ್ಟು ಆಡಿಸಬೇಕು. ಸಿಮ್ಯುಲೇಟರಲ್ಲಿ ಭಾರ ಆಚೀಚೆ ಸರಿಸಿದರೆ ಬೆಂಡಿಂಗ್ ಮೊಮೆಂಟಿನ ಗ್ರಾಫ್ ಹೇಗೆ ಬದಲಾಗುತ್ತದೆ ಅಂತ ಅವರೇ ನೋಡಲಿ. ಅದಕ್ಕೆ ಬ್ಯಾಡ್ಜೂ ಬೇಕಾಗಿಲ್ಲ.