ತೋಟದ ಮನೆಗೆ ನ್ಯಾಸ್ ಸಾಕಾ, ಸರ್ವರೇ ಬೇಕಾ?

ಪುನರ್ವಸು ಮಳೆ ಹಿಡಿದಿತ್ತು, ಕರೆಂಟು ಬೆಳಿಗ್ಗೆಯಿಂದ ಕಣ್ಣಾಮುಚ್ಚಾಲೆ ಆಡುತ್ತಿತ್ತು. ತೀರ್ಥಹಳ್ಳಿ ಹತ್ತಿರದ ಆ ಮನೆಯಲ್ಲಿ ಯಕ್ಷಗಾನದ ರೆಕಾರ್ಡಿಂಗು, ಮದುವೆ-ಮುಂಜಿ ಫೋಟೊ ಎಲ್ಲ ಸೇರಿ 1.8 ಟಿಬಿ ಡೇಟಾ ನಾಲ್ಕೈದು ಯುಎಸ್‌ಬಿ ಡಿಸ್ಕುಗಳಲ್ಲಿ ಚೆಲ್ಲಾಪಿಲ್ಲಿಯಾಗಿತ್ತು. ಮೂಲೆಯಲ್ಲಿ ಸುಮ್ಮನೆ ಕೂತ ಹಳೇ ಡೆಸ್ಕ್‌ಟಾಪನ್ನೇ ಸರ್ವರ್ (ಸದಾ ಓಡುತ್ತಾ ಉಳಿದ ಸಾಧನಗಳಿಗೆ ಫೈಲು, ಸೇವೆ ಒದಗಿಸುವ ಕಂಪ್ಯೂಟರ್) ಮಾಡುವುದೋ, ಎರಡು ಡಿಸ್ಕಿನ ನ್ಯಾಸ್ (ಮನೆಯ ನೆಟ್‌ವರ್ಕಿಗೆ ಸೇರಿಸಿ ಎಲ್ಲರೂ ಬಳಸುವ ಡಿಸ್ಕಿನ ಪೆಟ್ಟಿಗೆ) ಇಡುವುದೋ ಎಂಬುದು ಪ್ರಶ್ನೆ. ಹೋಲಿಸಿ ನೋಡಲೆಂದು ನ್ಯಾಸ್ ಒಂದನ್ನು ಜೊತೆಗೇ ಒಯ್ದಾಗಿತ್ತು.

ಚೀಲದಿಂದ ಮೊದಲು ಹೊರಬಂದದ್ದು ವ್ಯಾಟ್ ಮೀಟರು. ಡೆಸ್ಕ್‌ಟಾಪ್ ಏನೂ ಕೆಲಸ ಮಾಡದೆ ಸುಮ್ಮನಿದ್ದಾಗ 62 ವ್ಯಾಟ್. ನ್ಯಾಸ್ ಎರಡೂ ಡಿಸ್ಕ್ ತಿರುಗುವಾಗ 18. ಹಗಲೂ ರಾತ್ರಿ ಓಡಿದರೆ ತಿಂಗಳಿಗೆ ಒಂದು 45 ಯೂನಿಟ್, ಇನ್ನೊಂದು 13. ಬಿಲ್ಲಿನ ಮಾತು ಬಿಡಿ, ಮಲೆನಾಡಲ್ಲಿ ನೋಡಬೇಕಾದದ್ದು ಇನ್ವರ್ಟರನ್ನು. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇದೆ. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸೇ ಕಮ್ಮಿಯಾಗುತ್ತದೆ, ಹಾಗಾಗಿ 900 ಅಂತಲೇ ಹಿಡಿಯಿರಿ. ಹತ್ತು ತಾಸು ಕರೆಂಟು ಹೋದರೆ ಡೆಸ್ಕ್‌ಟಾಪ್ ಒಂದೇ 620 ನುಂಗುತ್ತದೆ. ಉಳಿದದ್ದರಲ್ಲಿ ದೀಪ, ಫ್ಯಾನು, ರೂಟರ್ ನಡೆಯಬೇಕು. ನ್ಯಾಸ್ ತಿನ್ನುವುದು 180. ಅರ್ಧ ತೀರ್ಮಾನ ಇಲ್ಲೇ ಆಗಿಹೋಯಿತು.

ಇನ್ವರ್ಟರ್ ಇದೆಯಲ್ಲ, ಯುಪಿಎಸ್ (ಕರೆಂಟು ಹೋದಾಗ ಕೆಲ ನಿಮಿಷ ತಡೆಯುವ ಪುಟ್ಟ ಬ್ಯಾಟರಿ ಪೆಟ್ಟಿಗೆ) ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಬ್ಯಾಟರಿ ಮುಗಿಯುತ್ತಾ ಬಂತು ಎಂದು ಸಾಮಾನ್ಯ ಇನ್ವರ್ಟರು ನ್ಯಾಸ್‌ಗೆ ಹೇಳುವುದಿಲ್ಲ, ತಟಕ್ಕನೆ ಕೈಕೊಡುತ್ತದೆ. ಬರೆಯುತ್ತಿದ್ದ ಫೈಲು ಅರ್ಧಕ್ಕೇ ನಿಲ್ಲುತ್ತದೆ. ಯುಎಸ್‌ಬಿ ಪೋರ್ಟ್ ಇರುವ 600 ವಿಎ ಯುಪಿಎಸ್ ನಡುವೆ ಹಾಕಿ, ಅದರ ಕೇಬಲ್ಲನ್ನು ನ್ಯಾಸ್‌ಗೆ ಚುಚ್ಚಿ, ಯುಪಿಎಸ್ ತನ್ನ ಬ್ಯಾಟರಿಗೆ ಹೋದ ಐದು ನಿಮಿಷಕ್ಕೆ ನ್ಯಾಸ್ ತಾನಾಗಿ ಶಟ್‌ಡೌನ್ ಆಗುವಂತೆ ಸೆಟ್ ಮಾಡಬೇಕು. ಲಿನಕ್ಸ್ ಸರ್ವರ್ ಆದರೆ ಇದೇ ಕೆಲಸಕ್ಕೆ ನಟ್ ಎಂಬ ತಂತ್ರಾಂಶ ಇದೆ. ಒಂದು ತೊಡಕು: ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟನ್ನು ಕೆಲವು ಯುಪಿಎಸ್‌ಗಳು ಒಪ್ಪುವುದೇ ಇಲ್ಲ, ಕೀಂಯ್‌ಗುಟ್ಟುತ್ತಾ ತಮ್ಮ ಬ್ಯಾಟರಿಯನ್ನೇ ಖಾಲಿ ಮಾಡಿಕೊಳ್ಳುತ್ತವೆ. ಕಂಬದ ಕರೆಂಟಿನಂತೆಯೇ ನುಣುಪಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರೇ ಬೇಕು.

ಯುಎಸ್‌ಬಿ ಡಿಸ್ಕುಗಳಿಂದ ನ್ಯಾಸ್‌ಗೆ ಕಾಪಿ ಶುರು ಮಾಡಿದರೆ ಸೆಕೆಂಡಿಗೆ 11 ಎಂಬಿ. ಈ ಅಂಕಿ ಕಂಡರೆ ಡಿಸ್ಕನ್ನು ಅನುಮಾನಿಸುವ ಮೊದಲು ಲ್ಯಾನ್ ಕೇಬಲ್ ನೋಡಿ: ಗಿಗಾಬಿಟ್ (1,000 ಎಂಬಿಪಿಎಸ್) ಲಿಂಕು 100 ಎಂಬಿಪಿಎಸ್‌ಗೆ ಇಳಿದಿರುತ್ತದೆ. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು, 100ಕ್ಕೆ 1, 2, 3, 6ನೇ ತಂತಿ ಸಾಕು. ಹಾಗಾಗಿ ಉಳಿದದ್ದು ಕೆಟ್ಟರೂ ಇಂಟರ್‌ನೆಟ್ ನಡೆಯುತ್ತಲೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಪ್ಲಗ್ ಬಿಚ್ಚಿ ಟಾರ್ಚ್ ಬಿಟ್ಟಾಗ 7 ಮತ್ತು 8ನೇ ಪಿನ್ನಿಗೆ, ಕಂದು ಜೋಡಿಗೆ, ಹಸಿರು ಕಿಲುಬು ಹಿಡಿದಿತ್ತು. ಎರಡು ಇಂಚು ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿದ ಮೇಲೆ 110 ಎಂಬಿ ಬಂತು. 45 ತಾಸಿನ ಕೆಲಸ ನಾಲ್ಕೂವರೆ ತಾಸಿಗೆ ಇಳಿಯಿತು.

ಜಾಗದ ವಿಷಯದಲ್ಲೂ ಇದೇ ಥಂಡಿಯ ಕಾಟ. ಇನ್ವರ್ಟರ್ ಬ್ಯಾಟರಿಯ ಪಕ್ಕ ಬೇಡ, ಆ್ಯಸಿಡ್ ಹಬೆ ಕನೆಕ್ಟರುಗಳನ್ನು ತಿನ್ನುತ್ತದೆ. ಬಚ್ಚಲೊಲೆಯ ಹೊಗೆ ತಾಗುವ ಗೋಡೆಯೂ ಬೇಡ. ಸದಾ ಓಡುವ ಡಿಸ್ಕು ಬೆಚ್ಚಗಿರುವುದರಿಂದ ಅದಕ್ಕೆ ತೇವದ ಭಯ ಕಡಿಮೆ. ಬೂಷ್ಟು ಹಿಡಿಯುವುದು ಬೀರುವಿನಲ್ಲಿ ಮಲಗಿದ ಡಿಸ್ಕಿಗೆ. ಅದನ್ನು ಸಿಲಿಕಾ ಜೆಲ್ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಅಡಿಕೆ ಅಂಗಳದ ಕ್ಯಾಮೆರಾಕ್ಕೆ ಹೋದ ಉದ್ದದ ತಾಮ್ರದ ಕೇಬಲ್ಲನ್ನು ನೇರವಾಗಿ ನ್ಯಾಸ್ ಇರುವ ನೆಟ್‌ವರ್ಕ್ ಸ್ವಿಚ್ಚಿಗೆ ಸಿಕ್ಕಿಸಬೇಡಿ. ಸಿಡಿಲು ಹತ್ತಿರ ಬಿದ್ದರೆ ಸರ್ಜ್ ಆ ದಾರಿಯಲ್ಲೇ ಬರುತ್ತದೆ. ನಡುವೆ ಎರಡು ಮೀಡಿಯಾ ಕನ್ವರ್ಟರು (ತಾಮ್ರದ ಸಂಕೇತವನ್ನು ಬೆಳಕಾಗಿಸುವ ಪೆಟ್ಟಿಗೆ), ಕರೆಂಟು ಹರಿಯದ ಒಂದು ತುಂಡು ಫೈಬರ್ ಇದ್ದರೆ ಬಚಾವು.

ಡಿಸ್ಕ್ ಕೊಳ್ಳುವಾಗ ಸಿಎಂಆರ್ (ಟ್ರ್ಯಾಕುಗಳು ಒಂದರ ಮೇಲೊಂದು ಬಾರದ ಬಗೆ) ಎಂದು ಖಾತ್ರಿ ಮಾಡಿಕೊಳ್ಳಿ. ಎಸ್‌ಎಂಆರ್ ಡಿಸ್ಕಿನಲ್ಲಿ ಟ್ರ್ಯಾಕುಗಳು ಒಂದರ ಮೇಲೊಂದು ಹೆಂಚಿನಂತೆ ಹೊದೆದಿರುವುದರಿಂದ ರೇಡ್ (ಹಲವು ಡಿಸ್ಕನ್ನು ಜೋಡಿಸಿ ನಡೆಸುವ ಕ್ರಮ) ರೀಬಿಲ್ಡ್, ಅಂದರೆ ಬದಲಿ ಡಿಸ್ಕಿಗೆ ಡೇಟಾ ಮತ್ತೆ ತುಂಬುವುದು, ವಿಪರೀತ ನಿಧಾನ. 4 ಟಿಬಿ ಡಿಸ್ಕ್ 3.63 ಎಂದು ತೋರಿದರೆ ಮೋಸವಲ್ಲ, ಲೆಕ್ಕದ ಬೇರೆ ಕ್ರಮ: ಕಂಪನಿಯದ್ದು ಸಾವಿರದ ಲೆಕ್ಕ, ಕಂಪ್ಯೂಟರಿನದ್ದು 1,024ರ ಲೆಕ್ಕ. ಇನ್ನು ರೇಡ್ 1, ಅಂದರೆ ಎರಡೂ ಡಿಸ್ಕಿನಲ್ಲಿ ಒಂದೇ ಪ್ರತಿ ಇಡುವುದು, ಬ್ಯಾಕಪ್ ಅಲ್ಲ: ಒಂದು ಪ್ರಸಂಗವನ್ನು ಡಿಲೀಟ್ ಮಾಡಿದರೆ ಎರಡೂ ಡಿಸ್ಕಿನಿಂದ ಅದೇ ಕ್ಷಣ ಹೋಗುತ್ತದೆ. ಅಳಿಸಿದ್ದನ್ನು ಹಿಂದಿನ ಸ್ಥಿತಿಯಿಂದ ಮರಳಿ ಪಡೆಯಲು ದಿನಕ್ಕೊಂದು ಸ್ನ್ಯಾಪ್‌ಶಾಟ್ ಆನ್ ಮಾಡಿ.

ಹಾಗಾದರೆ ಸರ್ವರ್ ಯಾರಿಗೆ? ಇಮ್ಮಿಚ್ (ಫೋಟೊ ಜೋಡಿಸಲು), ಜೆಲ್ಲಿಫಿನ್ (ವಿಡಿಯೋ ನೋಡಲು), ಹೋಮ್ ಅಸಿಸ್ಟೆಂಟ್ (ಮನೆಯ ಸಾಧನ ನಿಯಂತ್ರಿಸಲು) ತಂತ್ರಾಂಶಗಳನ್ನೆಲ್ಲ ಒಂದೇ ಕಡೆ ಓಡಿಸಬೇಕು, ಅಪ್‌ಡೇಟ್ ಕೆಟ್ಟರೆ ಲಾಗ್ ಓದಲು ಮನೆಯಲ್ಲೊಬ್ಬರು ಇದ್ದಾರೆ ಎಂದಾದರೆ ಸರ್ವರೇ ಸರಿ. ಆಗಲೂ ಹಳೇ ಡೆಸ್ಕ್‌ಟಾಪ್ ಬೇಡ. ಇಂಟೆಲ್ ಎನ್100 ಎಂಬ ಕಡಿಮೆ ವಿದ್ಯುತ್ತಿನ ಚಿಪ್ಪಿನ ಮಿನಿ ಪಿಸಿ ಸುಮ್ಮನಿದ್ದಾಗ ಹತ್ತು ವ್ಯಾಟಿನ ಆಸುಪಾಸು. ಅದರಲ್ಲಿ ದೊಡ್ಡ ಡಿಸ್ಕಿಗೆ ಜಾಗವಿಲ್ಲವೆಂದು ಹೊರಗೆ ಡಿಸ್ಕು ಕೂರಿಸುವ ಯುಎಸ್‌ಬಿ ಡಾಕ್ ಹಾಕುವವರಿದ್ದಾರೆ, ಅಗ್ಗದ ಡಾಕುಗಳು ಭಾರ ಬಿದ್ದಾಗ ಕಳಚಿಕೊಳ್ಳುತ್ತವೆ. ಡಿಸ್ಕು ನ್ಯಾಸಿನಲ್ಲೇ ಇರಲಿ, ಮಿನಿ ಪಿಸಿ ನೆಟ್‌ವರ್ಕಿನಿಂದ ಓದಲಿ. ಈ ಮನೆಯಲ್ಲಿ ಕಂಪ್ಯೂಟರ್ ಬಲ್ಲ ಮಗಳು ಇರುವುದು ಬೆಂಗಳೂರಿನಲ್ಲಿ, ಹಾಗಾಗಿ ಈಗ ನ್ಯಾಸ್ ಮಾತ್ರ. ಅವಳು ಅಲ್ಲಿಂದ ಫೈಲು ನೋಡಬೇಕಲ್ಲ, ರೂಟರಿನ ವ್ಯಾನ್ (ಹೊರ ಇಂಟರ್‌ನೆಟ್ ಕಡೆಯ) ವಿಳಾಸ 100.64ರಿಂದ 100.127ರ ಒಳಗಿತ್ತು, ಅಂದರೆ ಸಿಜಿನ್ಯಾಟ್: ಇಂಟರ್‌ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗೆ ಹಂಚಿರುತ್ತದೆ. ಹೊರಗಿನಿಂದ ನೇರ ಒಳಬರಲು ಬಿಡುವ ಪೋರ್ಟ್ ಫಾರ್ವರ್ಡ್ ನಡೆಯದು. ಅವಳಿಗೆ ಟೇಲ್‌ಸ್ಕೇಲ್ (ದೂರದ ಸಾಧನಗಳನ್ನು ಖಾಸಗಿ ನೆಟ್‌ವರ್ಕಿನಲ್ಲಿ ಬೆಸೆಯುವ ತಂತ್ರಾಂಶ) ಹಾಕಿ ಕೊಟ್ಟದ್ದಾಯಿತು.

ಡೆಸ್ಕ್‌ಟಾಪ್ ಗುಜರಿಗೆ ಹೋಗಲಿಲ್ಲ. ಅದರ 3 ಟಿಬಿ ಡಿಸ್ಕಿನ ಸ್ಮಾರ್ಟ್ ವರದಿಯಲ್ಲಿ (ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಲೆಕ್ಕ) ಕೆಟ್ಟ ಸೆಕ್ಟರು ಎಣಿಸುವ 5 ಮತ್ತು 197ನೇ ಸಾಲು ಸೊನ್ನೆ. ಡೇಟಾ ಸಾಗುವಾಗಿನ ತಪ್ಪು ಎಣಿಸುವ 199 ಮಾತ್ರ ಏರಿತ್ತು. ಅದು ಡಿಸ್ಕಿನದ್ದಕ್ಕಿಂತ ಹೆಚ್ಚಾಗಿ ಸಾಟಾ ಕೇಬಲ್ಲಿನ ತಕರಾರು, ಕೇಬಲ್ ಬದಲಾಯಿತು. ಈಗ ಆ ಕಂಪ್ಯೂಟರು ಅಡಿಕೆ ಮನೆಯ ಒಳಕೋಣೆಯಲ್ಲಿ, ಪ್ಲಗ್ ಕಿತ್ತೇ ಇದೆ. ಅಮಾವಾಸ್ಯೆಗೊಮ್ಮೆ ಹಚ್ಚಿ, ನ್ಯಾಸ್‌ನಿಂದ ಕಾಪಿ ಎಳೆದು, ಒಂದೆರಡು ವಿಡಿಯೋ ತೆರೆದು ನೋಡಿ, ಮತ್ತೆ ಪ್ಲಗ್ ಕೀಳುವುದು.